ಅಪ್‌ಡೇಟ್: ರಮ್ ಕೆಟ್ಟಿರಲಿಲ್ಲ

ಜಮೈಕಾದ ಹ್ಯಾಂಪ್ಡೆನ್ ಎಸ್ಟೇಟ್‌ನ ‘ರಮ್ ಫೈರ್’ ತಂದಿದ್ದೆ. ಶೇ. 63 ಆಲ್ಕೊಹಾಲ್, ಪೀಪಾಯಿಯಲ್ಲಿ ಮಾಗಿಸದ ಬಿಳಿ ರಮ್. ಉಗುರುಬಣ್ಣದ ವಾಸನೆ ಬರುತ್ತಿದೆ, ಹಾಳಾಗಿದೆಯೇ ಎಂದು ಇಲ್ಲಿ ಕೇಳಿದ್ದೆ; ಎಳೆಯ ರಮ್ ಎಂದು ಅಂಕವನ್ನೂ ಕಡಿತಗೊಳಿಸಿದ್ದೆ. ತಪ್ಪು ನನ್ನದೇ ಆಗಿತ್ತು.

ಆ ದಿನ ಲೋಟದೊಳಗೆ ಮೂಗು ತೂರಿಸಿ ಬಲವಾಗಿ ಉಸಿರೆಳೆದಿದ್ದೆ. ಇಷ್ಟು ಕಟುವಾದ ಮದ್ಯಕ್ಕೆ ಹಾಗೆ ಮಾಡಿದರೆ ಮೂಗು ಮರಗಟ್ಟುತ್ತದೆ, ಅಷ್ಟೇ. ನಿಮ್ಮ ಸಲಹೆಯಂತೆ ಈ ಸಲ 15 ಮಿ.ಲೀ. ಸುರಿದು ಹತ್ತು ನಿಮಿಷ ಬಿಟ್ಟೆ, ಲೋಟವನ್ನು ಗಲ್ಲದ ಹತ್ತಿರ ಹಿಡಿದು ಬಾಯಿ ತುಸು ತೆರೆದೇ ಮೂಸಿದೆ. ಮಾಗಿ ಕಪ್ಪಾದ ಬಾಳೆಹಣ್ಣು, ಅನಾನಸ್, ಅದರ ಹಿಂದೆಯೇ ಉಪ್ಪುನೀರಿನ ಆಲಿವ್! 6 ಮಿ.ಲೀ. ನೀರು ಬೆರೆಸಿ ಶೇ. 45ರ ಆಸುಪಾಸಿಗೆ ಇಳಿಸಿದಾಗ ನಾಲಿಗೆಯ ಉರಿ ತಗ್ಗಿ, ಕಬ್ಬಿನ ಸಿಹಿ ಮೆಲ್ಲಗೆ ತಲೆ ಎತ್ತಿತು.

ಉಗುರುಬಣ್ಣದ ವಾಸನೆ ಈಥೈಲ್ ಅಸಿಟೇಟ್‌ನದು, ಅನಾನಸ್ಸಿನದು ಈಥೈಲ್ ಬ್ಯುಟಿರೇಟ್‌ನದು. ಎರಡೂ ಎಸ್ಟರ್‌ಗಳು, ಅಂದರೆ ಆಮ್ಲ ಮತ್ತು ಆಲ್ಕೊಹಾಲ್ ಸೇರಿ ಹುಟ್ಟುವ ವಾಸನೆಯ ಸಂಯುಕ್ತಗಳು. ಗಾಳಿಯಲ್ಲಿರುವ ಯೀಸ್ಟ್‌ನಿಂದಲೇ ದಿನಗಟ್ಟಲೆ ಹುದುಗಿಸಿ, ಹಿಂದಿನ ಬಟ್ಟಿಯಲ್ಲಿ ಉಳಿದ ‘ಡಂಡರ್’ ಎಂಬ ದ್ರವ ಬೆರೆಸುವ ಅಲ್ಲಿನ ಹಳೆಯ ಕ್ರಮದಲ್ಲಿ ಇವು ಹೇರಳವಾಗಿ ಹುಟ್ಟುತ್ತವೆ. ನಾನು ದೋಷವೆಂದುಕೊಂಡದ್ದು ಅದರ ಜಾತಿಗುಣ.

ಎಳೆಯದೆಂದು ಅಂಕ ಕಡಿತಗೊಳಿಸಿದ್ದನ್ನೂ ಹಿಂತೆಗೆದುಕೊಳ್ಳುತ್ತಿದ್ದೇನೆ. ಪೀಪಾಯಿಯಿಂದ ಬರುವ ವೆನಿಲ್ಲಾ, ಓಕ್ ಮರದ ಪರಿಮಳವನ್ನು ಇದರಲ್ಲಿ ಹುಡುಕಿದ್ದು ನನ್ನ ಪೆದ್ದುತನ. ಆದರೂ ಬರಿದೇ ಕುಡಿಯಲು ನನಗೆ ಒಂದು ಗುಟುಕು ಸಾಕು; ನಿಂಬೆರಸ, ಸಕ್ಕರೆಯೊಂದಿಗೆ ಡೈಕಿರಿ ಎಂಬ ಕಾಕ್‌ಟೇಲ್ ಮಾಡಿದಾಗಲೇ ಹೆಚ್ಚು ಹಿಡಿಸಿತು. ಹೆಂಡತಿಗೆ ಮಾತ್ರ ಅದು ಇನ್ನೂ ಉಗುರುಬಣ್ಣವೇ.