ಬೆಂಗಳೂರಿನ ಠೇವಣಿ ಬಡ್ಡಿಯೂ ಒಬಾಮಾಕೇರ್ ಸಬ್ಸಿಡಿಯ ಲೆಕ್ಕಕ್ಕೆ ಬರುತ್ತದೆಯೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಡಲ್ಲಾಸ್ ಬಳಿ ನೆಲೆಸಿರುವ ಗ್ರೀನ್ ಕಾರ್ಡ್ ದಂಪತಿ. ನನಗೆ 62 ವರ್ಷ, ನನ್ನ ಹೆಂಡತಿಗೆ 60. ಕಂಪನಿಯ ಕೆಲಸ ಹೋದ ಮೇಲೆ ಸ್ವಂತವಾಗಿ ಕನ್ಸಲ್ಟಿಂಗ್ ಮಾಡುತ್ತಿದ್ದೇನೆ. ಇಬ್ಬರಿಗೂ ಮಾರ್ಕೆಟ್‌ಪ್ಲೇಸ್‌ನಲ್ಲಿ, ಅಂದರೆ ಒಬಾಮಾಕೇರ್ ಆರೋಗ್ಯ ವಿಮೆ ಕೊಳ್ಳುವ ಸರ್ಕಾರಿ ತಾಣದಲ್ಲಿ, ಕಡಿಮೆ ಪ್ರೀಮಿಯಂನ ಬ್ರಾಂಜ್ ಪ್ಲಾನ್ ಕೊಂಡಿದ್ದೇವೆ. 2026ರ ಅರ್ಜಿಯಲ್ಲಿ ಆದಾಯ 83,000 ಡಾಲರ್ ಎಂದು ಬರೆದೆ; ಅದು ವ್ಯವಹಾರದ ಖರ್ಚು, ಕಡಿತಗಳೆಲ್ಲ ಕಳೆದ ಮೊತ್ತ. ಬೆಂಗಳೂರಿನ ಜಯನಗರದ ಬ್ಯಾಂಕಿನಲ್ಲಿರುವ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಠೇವಣಿಯಿಂದ ವರ್ಷಕ್ಕೆ ಸುಮಾರು 3,600 ಡಾಲರಿನಷ್ಟು ಬಡ್ಡಿ ಬರುತ್ತದೆ. ಭಾರತದಲ್ಲಿ ಅದಕ್ಕೆ ತೆರಿಗೆ ಇಲ್ಲವೆಂದು ಸೇರಿಸಲಿಲ್ಲ. ತಪ್ಪಾಯಿತೇ?

ಉತ್ತರ: ನಮಸ್ಕಾರ ಸರ್. ತಪ್ಪಾಗಿದೆ, ಆದರೆ ಸರಿಪಡಿಸಲು ಇನ್ನೂ ದಾರಿಯಿದೆ. ಎನ್‌ಆರ್‌ಇ ಬಡ್ಡಿಗಿರುವ ವಿನಾಯಿತಿ ಭಾರತದ ಆದಾಯ ತೆರಿಗೆ ಕಾಯ್ದೆಗೆ ಮಾತ್ರ ಸೀಮಿತ. ಗ್ರೀನ್ ಕಾರ್ಡ್ ಇರುವವರು ಯಾವ ದೇಶದಲ್ಲಿ ಗಳಿಸಿದ್ದನ್ನೂ ಅಮೆರಿಕದ ರಿಟರ್ನ್‌ನಲ್ಲಿ ತೋರಿಸಬೇಕು, ಮತ್ತು ವಿಮೆಯ ಪ್ರೀಮಿಯಂ ಇಳಿಸುವ ಸಬ್ಸಿಡಿಯನ್ನು ನಿರ್ಧರಿಸುವುದು ಅದೇ ರಿಟರ್ನ್‌ನ ಆದಾಯ. ಹಾಗಾಗಿ ನಿಮ್ಮ ನಿಜವಾದ ಮೊತ್ತ 86,600.

ಇಬ್ಬರ ಕುಟುಂಬಕ್ಕೆ ಸಬ್ಸಿಡಿ ಸಿಗಲು 2026ರ ಆದಾಯ ಮಿತಿ 84,600 ಡಾಲರ್, ಅಂದರೆ ಬಡತನ ರೇಖೆಯಾದ 21,150ರ ನಾಲ್ಕು ಪಟ್ಟು. ಈ ಮಿತಿ 2010ರ ಒಬಾಮಾಕೇರ್ ಕಾನೂನಿನಲ್ಲೇ ಇತ್ತು. ಕೋವಿಡ್ ಪರಿಹಾರವೆಂದು 2021ರಲ್ಲಿ ಅದನ್ನು ತೆಗೆದುಹಾಕಿ, ಸಬ್ಸಿಡಿ ಲೆಕ್ಕಕ್ಕೆ ಮಾನದಂಡವಾದ ಸಿಲ್ವರ್ ಪ್ಲಾನಿಗೆ ಯಾರೂ ಆದಾಯದ ಶೇ 8.5ಕ್ಕಿಂತ ಹೆಚ್ಚು ಕೊಡಬೇಕಿಲ್ಲ ಎಂದು ಮಾಡಿದರು. 2022ರಲ್ಲಿ ಆ ಸೌಲಭ್ಯವನ್ನು 2025ರ ಕೊನೆಯವರೆಗೆ ಮುಂದುವರಿಸಿದರು. ಮತ್ತೆ ವಿಸ್ತರಿಸಬೇಕೆಂಬ ಜಗಳದಲ್ಲೇ 2025ರ ಅಕ್ಟೋಬರ್ 1ರಿಂದ 43 ದಿನ ಫೆಡರಲ್ ಸರ್ಕಾರದ ಕೆಲಸ ನಿಂತಿತ್ತು. ವಿಸ್ತರಣೆಯಾಗದೆ ವರ್ಷ ಮುಗಿದು, ಹಳೆಯ ಮಿತಿ ಮರಳಿತು.

ಈ ಮಿತಿಗೆ ಇಳಿಜಾರಿಲ್ಲ, ಅದು ನೇರ ಪ್ರಪಾತ. ಇಬ್ಬರ ಸಿಲ್ವರ್ ಪ್ಲಾನಿಗೆ ತಿಂಗಳಿಗೆ 2,000 ಡಾಲರ್ ಎಂದುಕೊಳ್ಳಿ, ವರ್ಷಕ್ಕೆ 24,000. ಮಿತಿಯ ಅಂಚಿನೊಳಗೆ ಇರುವವರ ಪಾಲು ಆದಾಯದ ಶೇ 9.96, ಅಂದರೆ ಸುಮಾರು 8,400. ಉಳಿದ 15,600ರವರೆಗೆ ಸಬ್ಸಿಡಿ. ಎರಡು ಸಾವಿರ ಹೆಚ್ಚು ಬಂದದ್ದಕ್ಕೆ ಅಷ್ಟೂ ಕೈತಪ್ಪುತ್ತದೆ. ವಯಸ್ಸಾದವರಿಗೆ ಯುವಕರ ಮೂರು ಪಟ್ಟಿನವರೆಗೆ ಪ್ರೀಮಿಯಂ ವಿಧಿಸಲು ಕಾನೂನು ಬಿಟ್ಟಿರುವುದರಿಂದ, 65ಕ್ಕೆ ಸಿಗುವ ಸರ್ಕಾರಿ ವಿಮೆಯಾದ ಮೆಡಿಕೇರ್‌ಗೆ ಮೂರರಿಂದ ಐದು ವರ್ಷ ಬಾಕಿ ಇರುವ ನಿಮ್ಮಂಥವರಿಗೇ ಈ ಪೆಟ್ಟು ಜೋರಾಗಿ ಬೀಳುತ್ತದೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಆದಾಯ ಹೆಚ್ಚು ಕಡಿಮೆಯಾದರೆ ಮುಂಗಡವಾಗಿ ಪಡೆದ ಸಬ್ಸಿಡಿಯಲ್ಲಿ ಸ್ವಲ್ಪ ಹಣ ಹಿಂದಿರುಗಿಸಿದರೆ ಸಾಕೆಂದು ಗೆಳೆಯರೊಬ್ಬರು ಹೇಳಿದರು. ಮತ್ತೆ, ಸರಿಪಡಿಸುವುದು ಹೇಗೆ?

ಉತ್ತರ: ಅವರು ಹೇಳಿದ್ದು ಹಳೆಯ ನಿಯಮ. ಮಿತಿಯೊಳಗೆ ಇದ್ದವರಿಗೆ ಹಿಂದಿರುಗಿಸುವ ಮೊತ್ತಕ್ಕೊಂದು ಗರಿಷ್ಠವಿತ್ತು. 2025ರ ಜುಲೈ 4ರಂದು ಸಹಿಯಾದ ಕಾನೂನು 2026ರ ತೆರಿಗೆ ವರ್ಷದಿಂದ ಅದನ್ನೂ ತೆಗೆದುಹಾಕಿದೆ. ಹೆಚ್ಚಾಗಿ ಪಡೆದ ಪ್ರತಿ ಡಾಲರನ್ನೂ ತೆರಿಗೆ ರಿಟರ್ನ್‌ನ ಫಾರ್ಮ್ 8962ರಲ್ಲಿ ಲೆಕ್ಕ ತೋರಿಸಿ ಕಟ್ಟಬೇಕು.

ವಿಚಿತ್ರವೆಂದರೆ ನಿಮಗೆ ನೆರವಾಗುವುದೂ ಅದೇ ಕಾನೂನು. ಅದರ ಪ್ರಕಾರ 2026ರಿಂದ ಮಾರ್ಕೆಟ್‌ಪ್ಲೇಸ್‌ನ ಬ್ರಾಂಜ್ ಪ್ಲಾನ್ ಇರುವವರು ವೈದ್ಯಕೀಯ ಖರ್ಚಿಗೆ ಹಣ ಕೂಡಿಡುವ ಎಚ್‌ಎಸ್‌ಎ ಖಾತೆ ತೆರೆಯಬಹುದು. ಕುಟುಂಬಕ್ಕೆ 8,750 ಡಾಲರ್‌ವರೆಗೆ ಹಾಕಬಹುದು. 55 ದಾಟಿದವರಿಗೆ ಮೇಲೆ ಇನ್ನೊಂದು ಸಾವಿರ. ಹಾಕಿದ ಹಣ ಆದಾಯದಿಂದ ಕಳೆಯುತ್ತದೆ, ಮುಂದೆ ಡಾಕ್ಟರ ಬಿಲ್ಲಿಗೂ ಒದಗುತ್ತದೆ. ಲೆಕ್ಕಕ್ಕೆ 2,000 ಸಾಕು, ಆದರೂ 4,000 ಹಾಕಿ. ಕನ್ಸಲ್ಟಿಂಗ್‌ನ ಒಂದು ಬಿಲ್ ಡಿಸೆಂಬರ್‌ನಲ್ಲಿ ಜಮೆಯಾದರೂ ಸಾಕು, ಲೆಕ್ಕ ತಪ್ಪುತ್ತದೆ. 2027ರ ಏಪ್ರಿಲ್ 15ರವರೆಗೆ ಗಡುವಿದೆ.

ಖಾತೆ ತೆರೆಯುವ ಕೆಲಸವನ್ನು ಮುಂದೂಡಬೇಡಿ. ಖಾತೆ ತೆರೆಯುವ ಮೊದಲಿನ ಆಸ್ಪತ್ರೆ ಖರ್ಚನ್ನು ಅದರಿಂದ ತುಂಬಿಕೊಳ್ಳಲು ಬರುವುದಿಲ್ಲ. ಅರ್ಜಿಯಲ್ಲಿನ ಆದಾಯವನ್ನೂ ಈ ವಾರವೇ ತಿದ್ದಿ. ಎನ್‌ಆರ್‌ಇ ಬಡ್ಡಿಯನ್ನು ಹಿಂದಿನ ವರ್ಷಗಳ ರಿಟರ್ನ್‌ನಲ್ಲೂ ಬಿಟ್ಟಿದ್ದರೆ, ಆ ಕಾಗದಗಳನ್ನು ಹಿಡಿದು ಮೊದಲು ನಿಮ್ಮ ಸಿಪಿಎ (ತೆರಿಗೆ ಲೆಕ್ಕಿಗ) ಬಳಿ ಹೋಗಿ.