ಸಂಘಕ್ಕೆ ಮೊದಲ ಬ್ಯಾಂಕ್ ಸಾಲ: ಆಡು, ರೊಟ್ಟಿ, ಹೊಲಿಗೆಗೆ ಹೇಗೆ ಹಂಚುವುದು?

ಪುಸ್ತಕ ಬರಹಗಾರ್ತಿ, ಗದಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಸಂಜೀವಿನಿ (ಗ್ರಾಮೀಣ ಜೀವನೋಪಾಯ ಯೋಜನೆ) ಒಕ್ಕೂಟದ ಕೆಳಗಿರುವ 12 ಜನರ ಮಹಿಳಾ ಸಂಘ ನಮ್ಮದು, ಅದರ ಲೆಕ್ಕದ ಪುಸ್ತಕ ಬರೆಯುವವಳು ನಾನು. ಶುರುವಾಗಿ ಎಂಟು ತಿಂಗಳಾಯಿತು. ವಾರಕ್ಕೆ ತಲಾ 50 ರೂಪಾಯಿಯಂತೆ ಉಳಿತಾಯ 21,000, ಒಳಸಾಲದ ಬಡ್ಡಿ 1,500, ಯೋಜನೆಯಿಂದ ಸಂಘಕ್ಕೆ ಬಂದ ಸುತ್ತುನಿಧಿ 20,000 ಇದೆ. ಬ್ಯಾಂಕ್ ಸಾಲ ಬಂದರೆ ಐದು ಜನ ಆಡು ಸಾಕುತ್ತಾರಂತೆ, ನಾಲ್ವರು ಖಡಕ್ ರೊಟ್ಟಿ ಮಾಡುತ್ತಾರಂತೆ, ಇಬ್ಬರಿಗೆ ಹೊಲಿಗೆ. ಇನ್ನೊಬ್ಬರು ಖಾಸಗಿ ಫೈನಾನ್ಸಿನ ಸಾಲ ತೀರಿಸಬೇಕು ಅನ್ನುತ್ತಾರೆ. ಎಲ್ಲರಿಗೂ ಸಮನಾಗಿ ಹಂಚಬೇಕು ಎಂಬ ಮಾತು ಸಭೆಯಲ್ಲಿ ಬಂದಿದೆ. ಅದು ಸರಿಯೇ? ಕಂತು ಹೇಗೆ ಹಾಕಬೇಕು?

ಒಕ್ಕೂಟದ ಲೆಕ್ಕ ನೋಡುವವರು

ಸಮನಾಗಿ ಹಂಚಬೇಡಿ ಅಕ್ಕಾ. ಮೊದಲ ಸಾಲ ಮುಳುಗುವುದು ಹೆಚ್ಚಾಗಿ ಅಲ್ಲೇ. ಆಡಿನಿಂದ ದುಡ್ಡು ಬರುವುದು ವರ್ಷದ ಹೊತ್ತಿಗೆ, ರೊಟ್ಟಿಯಿಂದ ವಾರಕ್ಕೆ. ಬ್ಯಾಂಕಿನ ಕಂತು ಮಾತ್ರ ತಿಂಗಳಿಗೆ. ಈ ಮೂರನ್ನೂ ಹೊಂದಿಸುವುದೇ ಸಂಘದ ಕೆಲಸ.

ನಿಮ್ಮ ಒಟ್ಟು ನಿಧಿ 42,500. ಮೊದಲ ಸಾಲ ನಿಧಿಯ ಆರು ಪಟ್ಟು ಅಥವಾ ಕನಿಷ್ಠ 1.5 ಲಕ್ಷ, ಇವೆರಡರಲ್ಲಿ ಹೆಚ್ಚಿನದು. ಅಂದರೆ 2,55,000 ಕೇಳಬಹುದು. 3 ಲಕ್ಷದವರೆಗೆ ಬಡ್ಡಿ ವರ್ಷಕ್ಕೆ ಶೇ. 7. ಇದನ್ನು 36 ತಿಂಗಳಿಗೆ ತೆಗೆದುಕೊಂಡರೆ ಕಂತು ಸುಮಾರು 7,875.

ಈಗ ಹಂಚಿ ನೋಡಿ. ಆಡಿಗೆ 30,000ದಂತೆ ಐವರಿಗೆ ಒಂದೂವರೆ ಲಕ್ಷ, ರೊಟ್ಟಿಗೆ 12,000ದಂತೆ ನಾಲ್ವರಿಗೆ 48,000, ಹೊಲಿಗೆಗೆ 18,000ದಂತೆ 36,000, ಉಳಿದ 21,000 ಆ ಹಳೇ ಸಾಲಕ್ಕೆ. ಸದಸ್ಯರಿಗೆ ತಿಂಗಳಿಗೆ ಶೇ. 1, ಇಳಿಕೆ ಬಡ್ಡಿ, ಅಂದರೆ ಉಳಿದ ಅಸಲಿಗೆ ಮಾತ್ರ ಬಡ್ಡಿ. ಆಡಿನವರು ಮೊದಲ ಹತ್ತು ತಿಂಗಳು ಬಡ್ಡಿ ಮಾತ್ರ ಕಟ್ಟಲಿ, ಐವರಿಂದ 1,500. ಉಳಿದ ಏಳು ಜನರ 1,05,000ಕ್ಕೆ 18 ಕಂತು ಹಾಕಿದರೆ ತಿಂಗಳಿಗೆ 6,403. ಒಟ್ಟು 7,903.

ಅಂದರೆ ಬ್ಯಾಂಕಿನ ಕಂತಿಗಿಂತ 28 ರೂಪಾಯಿ ಮಾತ್ರ ಹೆಚ್ಚು. ರೊಟ್ಟಿಯವರೊಬ್ಬರು ಒಂದು ತಿಂಗಳು ತಪ್ಪಿಸಿದರೂ ಸಂಘದ ಕಂತು ತಪ್ಪುತ್ತದೆ. ಹಾಗಾಗಿ ಮೊದಲ ಸುತ್ತಿನಲ್ಲಿ ಆಡು ಮೂವರಿಗೆ ಸಾಕು, ಇನ್ನಿಬ್ಬರಿಗೆ ಆರು ತಿಂಗಳ ನಂತರ ಕೊಡಿ. ಇದಕ್ಕೆ ಪೂರ್ತಿ ಹಣ ಒಮ್ಮೆಗೇ ಕೊಡುವ ಅವಧಿ ಸಾಲಕ್ಕಿಂತ, ಬೇಕಾದಾಗ ಬೇಕಾದಷ್ಟು ತೆಗೆಯುವ ಕ್ಯಾಶ್ ಕ್ರೆಡಿಟ್ ಖಾತೆ ಒಳ್ಳೆಯದು, ತೆಗೆದ ಮೊತ್ತಕ್ಕೆ ಮಾತ್ರ ಬಡ್ಡಿ ಬೀಳುತ್ತದೆ.

ಇನ್ನೊಂದು ಮಾತು. 10 ಲಕ್ಷದವರೆಗಿನ ಸಂಘದ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಉಳಿತಾಯ ಖಾತೆಯ ಹಣ ತಡೆಹಿಡಿಯುವಂತಿಲ್ಲ, ಠೇವಣಿ ಇಡಿ ಎಂದೂ ಒತ್ತಾಯಿಸುವಂತಿಲ್ಲ. ರಿಸರ್ವ್ ಬ್ಯಾಂಕಿನ ಸುತ್ತೋಲೆಯಲ್ಲೇ ಇದೆ, ಪ್ರತಿ ತೆಗೆದುಕೊಂಡು ಹೋಗಿ.

ಪಶು ಸಖಿಯರ (ಊರಲ್ಲಿ ಜಾನುವಾರು ಆರೈಕೆಗೆ ನೆರವಾಗುವ ಕಾರ್ಯಕರ್ತೆಯರ) ತರಬೇತುದಾರರು

ಆಡಿನ ಬಗ್ಗೆ. ಪೂರ್ತಿ 30,000ಕ್ಕೂ ಆಡು ಕೊಳ್ಳಬೇಡಿ. 6,000 ರೂಪಾಯಿಯನ್ನಾದರೂ ವಿಮೆ, ಔಷಧ, ಮಳೆಗಾಲದ ಮೇವಿಗೆ ಎತ್ತಿಡಿ. ಎರಡು ಅಥವಾ ನಾಲ್ಕು ಹಲ್ಲಿನ ಗಬ್ಬದ ಆಡು ಆರಿಸಿ. ಆಡಿನ ಗಬ್ಬ ಐದು ತಿಂಗಳು. ಮೂರು ತಿಂಗಳ ಗಬ್ಬದ್ದು ಸಿಕ್ಕರೆ ಎರಡು ತಿಂಗಳಿಗೆ ಮರಿ, ಇನ್ನೆಂಟು ತಿಂಗಳಿಗೆ ಮಾರಾಟ. ಮೇಲಿನವರು ಹೇಳಿದ ಹತ್ತು ತಿಂಗಳು ಹೀಗೇ ಬರುವುದು. ಗಬ್ಬವಿಲ್ಲದ ಆಡು ತಂದರೆ ಲೆಕ್ಕ ಕನಿಷ್ಠ ಮೂರು ತಿಂಗಳು ಹಿಂದೆ ಬೀಳುತ್ತದೆ.

ಸಾಲದ ಆಡು ಸಾಯುವುದು ತಂದ ಮೊದಲ ತಿಂಗಳಲ್ಲೇ ಹೆಚ್ಚು. ಸಂತೆಯಲ್ಲಿ ಹತ್ತು ಊರಿನ ಆಡು ಒಂದೆಡೆ ಸೇರಿರುತ್ತವೆ, ಅಲ್ಲಿಂದ ಹಿರೇಬೇನೆ (ಪಿಪಿಆರ್ ಎಂಬ ಅಂಟುರೋಗ) ಅಂಟಿಸಿಕೊಂಡು ಬರುತ್ತವೆ. ತಂದ ದಿನವೇ ಲಸಿಕೆ ಹಾಕಿಸಿದರೂ ಅದು ಕೆಲಸ ಮಾಡಲು ಎರಡು ವಾರ ಬೇಕು. ಅಷ್ಟರಲ್ಲಿ ಆಡು ಸತ್ತರೆ ಜನ ಲಸಿಕೆಯನ್ನೇ ದೂರಿ, ಮುಂದೆ ಯಾವುದಕ್ಕೂ ಹಾಕಿಸುವುದಿಲ್ಲ. ಗುರುತಿನವರ ಹಿಂಡಿನಿಂದಲೇ, ಲಸಿಕೆ ಆದದ್ದನ್ನು ಕೇಳಿ ಕೊಳ್ಳಿ. ಮೂರು ವಾರ ಬೇರೆ ಕಟ್ಟಿ. ಕರುಳುಬೇನೆ ಲಸಿಕೆ, ಜಂತಿನ ಔಷಧ ಮುಂಗಾರಿಗೆ ಮುಂಚೆ ಆಗಿರಬೇಕು. ಮರಿ ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ವಿಮೆಯ ಕಿವಿಯೋಲೆ ಬಿದ್ದರೆ ಅಂದೇ ತಿಳಿಸಿ ಹೊಸದು ಹಾಕಿಸಿ, ಓಲೆ ಇಲ್ಲದ ಆಡಿಗೆ ಪರಿಹಾರ ಸಿಗುವುದಿಲ್ಲ.

ಪುಸ್ತಕ ಬರಹಗಾರ್ತಿ, ಗದಗ ಜಿಲ್ಲೆ

ಇಬ್ಬರಿಗೂ ಧನ್ಯವಾದ. ಹಾಗಾದರೆ ಹೊಲಿಗೆಯವರಿಗೆ ಮೊದಲು ಮಷಿನ್ ಕೊಡಿಸುವುದೋ, ತರಬೇತಿಯೋ? ರೊಟ್ಟಿಯವರು ತರಬೇತಿ ಬೇಡ ಅನ್ನುತ್ತಾರೆ, ದಿನಾ ಮಾಡುವುದೇ ತಾನೇ ಎಂದು.

ಗ್ರಾಮೀಣ ತರಬೇತಿ ಕ್ಷೇತ್ರದವರು

ಮೊದಲು ತರಬೇತಿ, ಆಮೇಲೆ ಸಾಲ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಶುರು ಮಾಡಿದ ಪದ್ಧತಿಯನ್ನೇ ಇಂದು ಜಿಲ್ಲೆಗೊಂದರಂತೆ ಇರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಾದ ಆರ್‌ಸೆಟಿಗಳು ನಡೆಸುತ್ತಿವೆ. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಹೊಲಿಗೆಗೆ ಸುಮಾರು 30 ದಿನ, ಕುರಿ-ಆಡಿಗೆ ಸುಮಾರು 10 ದಿನ. ಮುಗಿದ ಮೇಲೆ ಎರಡು ವರ್ಷ ಅವರೇ ವಿಚಾರಿಸುತ್ತಾರೆ. ಮನೆ ಬಿಟ್ಟು 30 ದಿನ ಇರಲಾಗದೆ ಅರ್ಧಕ್ಕೆ ಬರುವವರು ಬಹಳ. ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಸಂಘದ ಸಭೆಯಲ್ಲೇ ತೀರ್ಮಾನಿಸಿ ಕಳುಹಿಸಿ.

ರೊಟ್ಟಿಯವರಿಗೆ ಬಡಿಯುವುದನ್ನು ಯಾರೂ ಕಲಿಸಬೇಕಿಲ್ಲ, ನಿಜ. ಕಲಿಯಬೇಕಾದದ್ದು ಉದ್ರಿಯ ಲೆಕ್ಕ. ಒಬ್ಬರು ದಿನಕ್ಕೆ 150 ರೊಟ್ಟಿ, 6 ರೂಪಾಯಿಯಂತೆ ಖಾನಾವಳಿಗೆ ಕೊಟ್ಟರೆ 900. ಹದಿನೈದು ದಿನ ಉದ್ರಿ ಬಿಟ್ಟರೆ 13,500 ಹೊರಗೆ ನಿಂತಿತು. ಸಾಲ ತೆಗೆದದ್ದೇ 12,000! ಜೋಳ ಕೊಳ್ಳಲು ಮತ್ತೆ ಬಡ್ಡಿ ಸಾಲವೇ ಗತಿ. ಉದ್ರಿ ಮೂರು ದಿನ ಮೀರಬಾರದು ಎಂದು ನಾಲ್ವರೂ ಒಟ್ಟಾಗಿ ನಿಲ್ಲಲಿ, ಒಬ್ಬರು ಸಡಿಲ ಬಿಟ್ಟರೂ ಖಾನಾವಳಿಯವರು ಅವರ ಹತ್ತಿರವೇ ಹೋಗುತ್ತಾರೆ. ಹಿಟ್ಟು ವಾರಕ್ಕಾಗುವಷ್ಟೇ ಬೀಸಿಸಿ, ಹಳತಾದರೆ ಜಿಗಿ ಹೋಗಿ ಅಂಚು ಸೀಳುತ್ತದೆ. ಪೂರ್ತಿ ಆರದ ರೊಟ್ಟಿ ಕಟ್ಟಿಟ್ಟರೆ ಮಳೆಗಾಲದಲ್ಲಿ ಬೂಸ್ಟು ಬರುವುದು ಖಂಡಿತ. ಪ್ಯಾಕೆಟ್ ಮಾಡಿದರೂ ಬಿಡಿಯಾಗಿ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್ಎಸ್ಎಸ್ಎಐ ನೋಂದಣಿ ಮಾಡಿಸಿ.

ಒಕ್ಕೂಟದ ಲೆಕ್ಕ ನೋಡುವವರು

ಫೈನಾನ್ಸ್ ಸಾಲದ ಬಗ್ಗೆ ಬಿಟ್ಟುಹೋಗಿತ್ತು. ಆ ಅಕ್ಕನಿಗೆ ಕೊಡುವುದು ಸರಿಯೇ. ಉದಾಹರಣೆಗೆ, ಒಂದು ವರ್ಷ ತಿಂಗಳ ಕಂತಿನಲ್ಲಿ ತೀರಿಸುವ 30,000ಕ್ಕೆ ಶೇ. 12 ನೇರ ಬಡ್ಡಿ (ಕಂತು ಕಟ್ಟುತ್ತಾ ಹೋದರೂ ಮೊದಲ ಪೂರ್ತಿ ಮೊತ್ತಕ್ಕೇ ಬಡ್ಡಿ) ಎಂದರೆ ವರ್ಷಕ್ಕೆ 3,600. ಇಳಿಕೆ ಲೆಕ್ಕದಲ್ಲಾದರೆ 1,985 ಮಾತ್ರ. ಪಾಸ್‌ಪುಸ್ತಕದಲ್ಲಿ ಯಾವುದು ಬರೆದಿದೆ ಎಂದು ಮೊದಲು ನೋಡಿ. ಹಣವನ್ನು ಕೈಗೆ ಕೊಡದೆ ಸಂಘದ ಖಾತೆಯಿಂದ ನೇರ ಕಂಪನಿಯ ಖಾತೆಗೆ ಹಾಕಿ, ಸಾಲ ತೀರಿದ ಪತ್ರ ಪಡೆಯಿರಿ. ಕಿರುಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ, 2022ರ ರಿಸರ್ವ್ ಬ್ಯಾಂಕ್ ನಿಯಮ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಬರುವಂತೆಯೂ ಇಲ್ಲ. ಬೆದರಿಸಿದರೆ ಪೊಲೀಸರಿಗೆ ದೂರು ಕೊಡಬಹುದು. ಅವರ ಹೆಸರಲ್ಲಿ ಬೇರೆಡೆ ಇನ್ನೂ ಸಾಲ ಇದೆಯೇ ಎಂದು ತಿಳಿದುಕೊಂಡೇ ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಎರಡು ಮೂರು ಕಡೆ ಇದ್ದರೆ ಈ 21,000 ಸಾಲದು, ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಬೇಕಾಗುತ್ತದೆ.