ಗ್ಯಾರೇಜಿನ ತೇವ, ನಿಲ್ಲಿಸಿಟ್ಟ ಕಾರು: ಒಂದು ಪ್ರಶ್ನೆ, ಕೆಲವರ ಅನುಭವ

ಪ್ರಶ್ನೆ

ಮನೆಗೆ ಅಂಟಿಕೊಂಡಂತಿರುವ, ಎರಡು ಕಾರು ಹಿಡಿಸುವ ಗ್ಯಾರೇಜಿನಲ್ಲಿ ನನ್ನ ಹಳೆಯ ಕಾರೊಂದು ವರ್ಷದಲ್ಲಿ ಎಂಟು ತಿಂಗಳು ನಿಂತೇ ಇರುತ್ತದೆ. ದಿನನಿತ್ಯ ಓಡಿಸುವ ಕಾರು ಅದರ ಪಕ್ಕದಲ್ಲೇ ನಿಲ್ಲುತ್ತದೆ. ಕೆಲವು ಬೆಳಿಗ್ಗೆ ಹಳೆಯ ಕಾರಿನ ಬಾನೆಟ್ ಮೇಲೆ ಕನ್ನಡಿಗೆ ಉಸಿರು ಬಿಟ್ಟಂಥ ಮಸುಕು ಕೂತಿರುತ್ತದೆ, ನೆಲ ಅಲ್ಲಲ್ಲಿ ಕಪ್ಪಾಗಿರುತ್ತದೆ, ಗೋಡೆಗೆ ತೂಗುಹಾಕಿದ ಸ್ಪ್ಯಾನರುಗಳಿಗೆ ತುಕ್ಕು ಹಿಡಿಯತೊಡಗಿದೆ. ನೆಲಕ್ಕೆ ಎಪಾಕ್ಸಿ (ಗಟ್ಟಿ ಪ್ಲಾಸ್ಟಿಕ್ಕಿನಂತೆ ಒಣಗುವ ಲೇಪ) ಬಳಿಸಲೇ, ಫ್ಯಾನ್ ಹಾಕಿಸಲೇ, ಇಲ್ಲವೇ ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಯಂತ್ರ ಕೊಳ್ಳಲೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಸದ್ಯಕ್ಕೆ ಮೂರೂ ಬೇಡ. ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಹಣ ಸುರಿದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ನಾನು ಮಾಡಿದ ಮೊದಲ ಕೆಲಸವೇ ಎಪಾಕ್ಸಿ ಬಳಿಸಿದ್ದು. ಮೊದಲ ವರ್ಷ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದ್ದ ನೆಲದ ಮೇಲೆ ಎರಡನೆಯ ವರ್ಷ ಸುಟ್ಟ ಚರ್ಮದಂತೆ ಬೊಬ್ಬೆಗಳೆದ್ದವು. ಒಂದು ಬೊಬ್ಬೆಯನ್ನು ಚಾಕುವಿನ ಮೊನೆಯಿಂದ ಕೊಯ್ದು ನೋಡಿದರೆ ಒಳಗೆ ನೀರು ನಿಂತಿತ್ತು, ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟಿತ್ತು. ಆಮೇಲೆ ವಿಚಾರಿಸಿದಾಗ ತಿಳಿದದ್ದೇನೆಂದರೆ, ಕಾಂಕ್ರೀಟ್ ಹಾಕುವ ಮುನ್ನ ಅದರ ಅಡಿಗೆ ಪಾಲಿಥೀನ್ ಹಾಳೆಯನ್ನೇ ಹಾಸಿರಲಿಲ್ಲ. ಮಣ್ಣಿನ ತೇವವು ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ಹೀರಿಕೊಂಡು ಮೇಲೇರಿ, ಹೊರಬರಲು ದಾರಿಯಿಲ್ಲದೆ ಎಪಾಕ್ಸಿಯನ್ನೇ ಎಬ್ಬಿಸಿತ್ತು.

ಆದ್ದರಿಂದ ಮೊದಲು ಒಂದು ಪರೀಕ್ಷೆ ಮಾಡಿ. ಸುಮಾರು 45 ಸೆಂಟಿಮೀಟರ್ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗುಡಿಸಿ ಒರೆಸಿದ ನೆಲದ ಮೇಲೆ ಹರಡಿ, ನಾಲ್ಕೂ ಅಂಚುಗಳಿಗೆ ಗಾಳಿ ನುಸುಳದಂತೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ನಾನು ಎರಡು ದಿನ ಬಿಡುತ್ತೇನೆ. ತೆಗೆಯುವ ಮುನ್ನ ಹಾಳೆಯ ಮೇಲ್ಮೈಯನ್ನು ಬೆರಳಿನಿಂದ ಸವರಿ ನೋಡಬೇಕು, ಆಮೇಲೆ ಹಾಳೆಯೆತ್ತಿ ಅಡಿಯನ್ನು ನೋಡಬೇಕು. ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ತೇವ ನೆಲದೊಳಗಿನಿಂದ ಬರುತ್ತಿದೆ ಎಂದು ತಿಳಿಯಿರಿ. ಅಡಿ ಒಣಗಿದ್ದು ಮೇಲೆ ಮಾತ್ರ ಒದ್ದೆಯಿದ್ದರೆ ಗಾಳಿಯ ತೇವ ತಣ್ಣನೆಯ ನೆಲಕ್ಕೆ ತಾಗಿ ಇಳಿಯುತ್ತಿದೆ. ಇದನ್ನು ಗೋಡೆಯ ಬುಡದಲ್ಲಿ ಒಂದು, ನಡುವೆ ಒಂದು, ಶಟರಿನ ಹತ್ತಿರ ಒಂದು, ಹೀಗೆ ಮೂರು ಕಡೆ ಮಾಡಿ. ನೆಲ ಕಪ್ಪಾಗುವ ದಿನಗಳಲ್ಲೇ ಮಾಡಿದರೆ ಒಳ್ಳೆಯದು, ಏಕೆಂದರೆ ಒಣ ಹವೆಯ ದಿನದ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ಇನ್ನೊಂದು ಮಾತು. ಜೋರಾಗಿ ಮಳೆ ಬರುವಾಗ ಕೊಡೆ ಹಿಡಿದು ಗ್ಯಾರೇಜಿನ ಸುತ್ತ ಒಂದು ಸುತ್ತು ಬನ್ನಿ. ಮಾಡಿನ ನೀರು ಇಳಿಯುವ ಕೊಳವೆ ನನ್ನ ಗೋಡೆಯ ಮೂಲೆಯಲ್ಲೇ ಬಾಯಿ ತೆರೆದಿತ್ತು, ಅಲ್ಲಿನ ಮಣ್ಣೂ ಗೋಡೆಯ ಕಡೆಗೇ ಇಳಿಜಾರಾಗಿತ್ತು. ಕೊಳವೆಯನ್ನು ಎರಡು ಮೀಟರ್ ದೂರಕ್ಕೆ ಚಾಚಿ, ಮಣ್ಣಿನ ಇಳಿಜಾರನ್ನು ಹೊರಮುಖ ಮಾಡಿಸಿದ ಮೇಲೆ ಆ ಮೂಲೆಯ ಕಪ್ಪು ಕಲೆ ಅರ್ಧಕ್ಕರ್ಧ ಇಳಿಯಿತು. ಎಪಾಕ್ಸಿಗೆ ಕೊಟ್ಟ ಹಣ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದೆಲ್ಲವೂ ಸರಿ. ನಾನು ಫ್ಯಾನಿನ ವಿಷಯವಷ್ಟೇ ಹೇಳುತ್ತೇನೆ, ಏಕೆಂದರೆ ‘ಗಾಳಿಯಾಡಿದರೆ ತೇವ ಹೋಗುತ್ತದೆ’ ಎಂಬ ಮಾತನ್ನು ನಂಬಿ ನಾನು ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿ ಹಗಲಿರುಳು ಓಡಿಸಿದ ವರ್ಷವೇ ನನ್ನ ಕಾರಿನ ಬ್ರೇಕ್ ಡಿಸ್ಕುಗಳಿಗೆ ಎಲ್ಲಕ್ಕಿಂತ ಹೆಚ್ಚು ತುಕ್ಕು ಹಿಡಿಯಿತು.

ಕಾರಣ ಸರಳವಾಗಿದೆ. 20 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಇರಬಲ್ಲದು. 30 ಡಿಗ್ರಿಯ ಗಾಳಿಯಲ್ಲಿ ಸುಮಾರು 30 ಗ್ರಾಂ. ಹೊರಗೆ 30 ಡಿಗ್ರಿ ಉಷ್ಣತೆ, ಶೇ. 80 ಆರ್ದ್ರತೆ ಇದ್ದಾಗ ಆ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಅಂದರೆ, ಅದಕ್ಕಿಂತ ತಣ್ಣಗಿರುವ ಯಾವ ವಸ್ತುವಿಗೆ ಆ ಗಾಳಿ ತಾಗಿದರೂ ನೀರು ಬಿಡುತ್ತದೆ. ಕಾಂಕ್ರೀಟ್ ನೆಲವಾಗಲಿ, ಎಂಜಿನ್ನಿನಂಥ ಲೋಹದ ದೊಡ್ಡ ಮುದ್ದೆಯಾಗಲಿ ಬೇಗ ಬಿಸಿಯಾಗುವಂಥವಲ್ಲ. ತಣ್ಣನೆಯ ಕೆಲವು ದಿನಗಳ ಬೆನ್ನಿಗೇ ಬೆಚ್ಚನೆಯ ತೇವದ ಗಾಳಿ ಬೀಸಿದಾಗ ಅವು ಇನ್ನೂ 22, 23 ಡಿಗ್ರಿಯಲ್ಲೇ ಇರುತ್ತವೆ. ಆಗ ಫ್ಯಾನ್ ಹಾಕುವುದೆಂದರೆ ನೀರನ್ನು ಕರೆಕರೆದು ಕಾರಿನ ಮೇಲೆ ಸುರಿದಂತೆ. ನೆಲ ಬೆವರುವುದು ಇಂಥ ದಿನಗಳಲ್ಲೇ.

ಹಾಗೆಂದು ಫ್ಯಾನ್ ನಿರುಪಯೋಗಿಯಲ್ಲ. ಯಾವಾಗ ಹಾಕಬೇಕೆಂದು ತಿಳಿದಿರಬೇಕು. ಈಗ ನನ್ನ ಬಳಿ ಗಾಳಿಯ ಆರ್ದ್ರತೆ ಅಳೆಯುವ ಎರಡು ಹೈಗ್ರೋಮೀಟರುಗಳಿವೆ, ಒಳಗೊಂದು, ಹೊರಗೊಂದು. ಇಲ್ಲಿ ಶೇಕಡಾವಾರು ಅಂಕಿಗಳನ್ನು ಹೋಲಿಸಿದರೆ ಮೋಸ ಹೋಗುತ್ತೀರಿ. ಹೊರಗೆ 10 ಡಿಗ್ರಿ ಮತ್ತು ಶೇ. 90, ಒಳಗೆ 18 ಡಿಗ್ರಿ ಮತ್ತು ಶೇ. 70 ಇದೆ ಎಂದುಕೊಳ್ಳಿ. ನೋಡುವುದಕ್ಕೆ ಹೊರಗೇ ತೇವ ಹೆಚ್ಚು ಎನಿಸುತ್ತದೆ. ಆದರೆ ಹೊರಗಿನ ಇಬ್ಬನಿ ಬಿಂದು ಎಂಟೂವರೆ ಡಿಗ್ರಿಯ ಆಸುಪಾಸಿನಲ್ಲಿದೆ, ಒಳಗಿನದು ಹನ್ನೆರಡೂವರೆಯ ಆಸುಪಾಸಿನಲ್ಲಿದೆ. ಆದ್ದರಿಂದ ಆಗ ಶಟರ್ ಎತ್ತಿದರೆ ಒಳಗಿನ ತೇವ ಹೊರಗೆ ಹೋಗುತ್ತದೆ. ಇಬ್ಬನಿ ಬಿಂದುವನ್ನೇ ನೇರವಾಗಿ ತೋರಿಸುವ ಮೀಟರುಗಳೂ ಇವೆ, ಲೆಕ್ಕದ ಗೋಜು ಬೇಡವೆನ್ನುವವರಿಗೆ ಅವೇ ವಾಸಿ.

ಮೀಟರ್ ಸರಿಯಿದೆಯೇ ಎಂದು ಮೊದಲು ನೋಡಿಕೊಳ್ಳಿ. ಬಾಟಲಿಯ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ತುಂಬಿ, ಉಪ್ಪು ಪೂರ್ತಿ ಕರಗದೆ ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಹನಿಸಿ, ಮುಚ್ಚಳವನ್ನೂ ಮೀಟರನ್ನೂ ಒಂದು ಜಿಪ್ ಚೀಲದಲ್ಲಿಟ್ಟು ಬಿಗಿಯಾಗಿ ಮುಚ್ಚಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅದು ಶೇ. 75 ತೋರಿಸಬೇಕು. ನನ್ನದು 69 ತೋರಿಸಿತು. ಅಂದಿನಿಂದ ಅದು ತೋರಿಸಿದ್ದಕ್ಕೆ ಆರು ಕೂಡಿಸಿ ಓದುತ್ತೇನೆ.

ಮೂರನೆಯ ಉತ್ತರ

ಚಿಕ್ಕ ವಿಷಯವಾದರೂ ಹೇಳಬೇಕೆನಿಸಿತು. ಗ್ಯಾರೇಜಿನ ಕಪಾಟಿನಲ್ಲಿ ನೆಲ ತೊಳೆಯುವ ಆಸಿಡ್ ಬಾಟಲಿಯೋ, ನೀರಿಗೆ ಹಾಕುವ ಕ್ಲೋರಿನ್ ಪುಡಿಯೋ ಇದೆಯೇ ಎಂದು ನೋಡಿ. ಮುಚ್ಚಳ ಬಿಗಿಯಾಗಿದ್ದರೂ ಹೈಡ್ರೋಕ್ಲೋರಿಕ್ ಆಸಿಡ್ಡಿನ ಆವಿ ನುಸುಳಿ ಹೊರಬರುತ್ತದೆ, ತೇವದ ಗಾಳಿಯಲ್ಲಿ ಅದು ಕಬ್ಬಿಣವನ್ನು ಎಡೆಬಿಡದೆ ತಿನ್ನುತ್ತದೆ. ನನ್ನ ಸ್ಪ್ಯಾನರುಗಳಲ್ಲಿ ಬಾಟಲಿಗೆ ತೀರ ಹತ್ತಿರವಿದ್ದವು ಕೆಂಪಾಗಿದ್ದವು, ದೂರ ಸರಿದಂತೆ ತುಕ್ಕು ಕಡಿಮೆಯಾಗುತ್ತ ಹೋಗಿತ್ತು. ಆ ಸಾಲನ್ನು ನೋಡಿದಾಗಲೇ ನನಗೆ ಕಳ್ಳ ಸಿಕ್ಕಿದ್ದು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ಪ್ಲಾಸ್ಟಿಕ್ ಹಾಳೆಯನ್ನು ಮೂರು ಕಡೆ ಅಂಟಿಸಿ ಎರಡು ದಿನ ಬಿಟ್ಟೆ. ಮೂರರ ಅಡಿಯೂ ಒಣಗಿತ್ತು, ನಡುವಿನದರ ಮೇಲ್ಮೈ ಮಾತ್ರ ಒದ್ದೆಯಾಗಿತ್ತು. ಬೆಳಗಿನ ಹೊತ್ತು ಒಳಗಿನ ಆರ್ದ್ರತೆ ಶೇ. 78ರ ಸುತ್ತ ಇರುತ್ತದೆ. ಆಸಿಡ್ ಬಾಟಲಿ ಇರಲಿಲ್ಲ. ಬಾನೆಟ್ ಮಸುಕಾಗುವುದು ಹೆಚ್ಚಾಗಿ ದಿನನಿತ್ಯದ ಕಾರು ಮಳೆಯಲ್ಲಿ ನೆನೆದು ಬಂದ ಮರುದಿನ ಎಂಬುದನ್ನು ಈಗ ಗಮನಿಸಿದ್ದೇನೆ.

ನಾಲ್ಕನೆಯ ಉತ್ತರ

ನಿಮ್ಮ ಕೊನೆಯ ವಾಕ್ಯದಲ್ಲೇ ಅರ್ಧ ಉತ್ತರವಿದೆ. ಮಳೆಯಲ್ಲಿ ಓಡಿ ಬಂದ ಕಾರು ಚಕ್ರದ ಕಮಾನುಗಳಲ್ಲಿ, ತಳದಲ್ಲಿ, ಕಾಲೊರಸುಗಳಲ್ಲಿ ಲೀಟರುಗಟ್ಟಲೆ ನೀರು ಹೊತ್ತು ತರುತ್ತದೆ. ಎಂಜಿನ್ನಿನ ಬಿಸಿಗೆ ಆ ನೀರು ಆವಿಯಾಗಿ, ಪಕ್ಕದಲ್ಲಿ ತಣ್ಣಗೆ ನಿಂತಿರುವ ಹಳೆಯ ಕಾರಿನ ಬಾನೆಟ್ ಮೇಲೆ ಕೂರುತ್ತದೆ. ಒದ್ದೆ ಕಾರನ್ನು ಹೊರಗಿನ ಸೂರಿನಡಿ ಒಂದೆರಡು ಗಂಟೆ ಸೋರಲು ಬಿಟ್ಟು ಆಮೇಲೆ ಒಳಗೆ ತನ್ನಿ. ಅದು ಆಗದಿದ್ದರೆ, ನೆಲಕ್ಕಿಳಿದ ನೀರನ್ನು ಉದ್ದ ಹಿಡಿಯ ರಬ್ಬರ್ ವೈಪರಿನಿಂದ ಆಗಲೇ ಹೊರಗೆ ತಳ್ಳಿ.

ಇಷ್ಟು ಮಾಡಿಯೂ ಆರ್ದ್ರತೆ ಇಳಿಯದಿದ್ದರೆ ಡಿಹ್ಯೂಮಿಡಿಫೈಯರ್ ಕೊಳ್ಳಬಹುದು. ಆದರೆ ಶಟರಿನ ಅಡಿಗೆ ರಬ್ಬರ್ ಪಟ್ಟಿ ಹಾಕಿಸಿ, ಮಾಡಿನಂಚಿನ ಸಂದುಗಳನ್ನು ಮುಚ್ಚಿಸಿದ ಮೇಲೆಯೇ ಯಂತ್ರ ತನ್ನಿ. ಇಲ್ಲವಾದರೆ ನೀವು ಊರಿನ ಗಾಳಿಯನ್ನೆಲ್ಲ ಒಣಗಿಸುತ್ತ ಕೂರಬೇಕಾಗುತ್ತದೆ. ಗ್ಯಾರೇಜಿನ ಉಷ್ಣತೆ ಬಹುಪಾಲು 15 ಡಿಗ್ರಿಗಿಂತ ಮೇಲಿದ್ದರೆ, ತಣ್ಣನೆಯ ಸುರುಳಿಯ ಮೇಲೆ ತೇವ ಇಳಿಸಿಕೊಳ್ಳುವ ಕಂಪ್ರೆಸರ್ ಬಗೆಯದು ಸಾಕು. ಅದಕ್ಕಿಂತ ತಣ್ಣಗಿನ ಜಾಗದಲ್ಲಿ ಅದರ ಸುರುಳಿಗೆ ಹಿಮ ಕಟ್ಟಿ ಕೆಲಸ ಕುಂಠಿತವಾಗುತ್ತದೆ, ಆಗ ತೇವ ಹೀರುವ ಚಕ್ರವಿರುವ ಡೆಸಿಕೆಂಟ್ ಬಗೆಯದೇ ಬೇಕು; ಅದಕ್ಕೆ ಕರೆಂಟು ಹೆಚ್ಚು ಖರ್ಚಾಗುತ್ತದೆ, ಆದರೆ ಅದರಿಂದ ಜಾಗವೂ ಸ್ವಲ್ಪ ಬೆಚ್ಚಗಾಗುತ್ತದೆ. ಡಬ್ಬದ ಮೇಲೆ ದಿನಕ್ಕೆ ಇಷ್ಟು ಲೀಟರ್ ಎಂದು ಬರೆದಿರುವುದು ಸಾಮಾನ್ಯವಾಗಿ 30 ಡಿಗ್ರಿ, ಶೇ. 80 ಆರ್ದ್ರತೆಯ ಲೆಕ್ಕ. ತಂಪಾದ ಗ್ಯಾರೇಜಿನಲ್ಲಿ ಅಷ್ಟು ನೀರನ್ನು ನಿರೀಕ್ಷಿಸಬೇಡಿ. ತೊಟ್ಟಿ ತುಂಬಿದೊಡನೆ ಯಂತ್ರ ನಿಂತುಬಿಡುತ್ತದೆ. ನಾನು ಹತ್ತು ದಿನ ಊರಿಗೆ ಹೋಗಿ ಬಂದಾಗ ಅದು ಎರಡನೆಯ ದಿನವೇ ನಿಂತಿದ್ದಿರಬೇಕು, ತೊಟ್ಟಿಯ ನೀರಿನ ಮೇಲೆ ಧೂಳಿನ ಪೊರೆ ಕಟ್ಟಿತ್ತು. ಆದ್ದರಿಂದ ಯಂತ್ರವನ್ನು ಎತ್ತರದ ಕಟ್ಟೆಯ ಮೇಲಿಟ್ಟು, ನೀರು ತಾನಾಗಿಯೇ ಹರಿದುಹೋಗುವಂತೆ ಕೊಳವೆಯನ್ನು ಇಳಿಜಾರಾಗಿ ಹೊರಗೆ ಬಿಡಿ.

ಒಳಗಿನ ಆರ್ದ್ರತೆಯನ್ನು ಶೇ. 50ರ ಆಸುಪಾಸಿಗೆ ಇಟ್ಟುಕೊಂಡರೆ ಸಾಕು. ಸುಮಾರು 60 ದಾಟಿದ ಮೇಲೆ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಏರುತ್ತದೆ. ಹಾಗೆಂದು 40ಕ್ಕಿಂತ ಕೆಳಗಿಳಿಸಿದರೆ ಹಳೆಯ ಕಾರಿನ ಚರ್ಮದ ಸೀಟು, ಮರದ ಪಟ್ಟಿಗಳು ಬಿರುಕು ಬಿಡುತ್ತವೆ. ತೇವ ಹೀರುವ ಪೊಟ್ಟಣದ ಸಿಲಿಕಾ ಜೆಲ್ ಗ್ಯಾರೇಜಿಗೆ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಯನ್ನಂತೂ ಕಾರಿನೊಳಗೆ ಇಡಲೇಬೇಡಿ. ತೇವ ಹೀರಿ ಅದು ಉಪ್ಪುನೀರಾಗುತ್ತದೆ, ಚೆಲ್ಲಿದರೆ ಕಾರಿನ ತಳವೇ ಹೋದಂತೆ. ಹೊಗೆ ಕೊಳವೆಯಿಲ್ಲದ ಗ್ಯಾಸ್ ಹೀಟರೂ ಬೇಡ, ಒಂದು ಕಿಲೋ ಪ್ರೋಪೇನ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರು ಹುಟ್ಟುತ್ತದೆ.

ಇದೇ ಕಾರಣಕ್ಕೆ, ವಾರಕ್ಕೊಮ್ಮೆ ನಿಂತಲ್ಲೇ ಐದು ನಿಮಿಷ ಎಂಜಿನ್ ಓಡಿಸುವ ಅಭ್ಯಾಸವಿದ್ದರೆ ಬಿಡಿ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಬರುತ್ತದೆ. ಸೈಲೆನ್ಸರ್ ಪೂರ್ತಿ ಬಿಸಿಯಾಗುವ ಮೊದಲೇ ಎಂಜಿನ್ ನಿಲ್ಲಿಸಿದರೆ ಆ ನೀರು ಅಲ್ಲೇ ಉಳಿದು ಒಳಗಿನಿಂದ ಕೊರೆಯುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಪ್ರಾಣವನ್ನೇ ತೆಗೆಯಬಹುದು ಎಂಬುದು ಬೇರೆ. ಓಡಿಸುವುದಾದರೆ ರಸ್ತೆಗೆ ತಂದು ಅರ್ಧ ಗಂಟೆಯಾದರೂ ಓಡಿಸಿ. ಹೊದಿಸುವುದಾದರೆ ಗಾಳಿಯಾಡುವ ಬಟ್ಟೆಯ ಹೊದಿಕೆಯನ್ನೇ ಹೊದಿಸಿ, ಅದೂ ಕಾರು ಪೂರ್ತಿ ಒಣಗಿದ ಮೇಲೆ. ಪ್ಲಾಸ್ಟಿಕ್ ಟಾರ್ಪಾಲಿನ್ ಅಡಿಯಲ್ಲಿ ತೇವ ಸಿಕ್ಕಿಬಿದ್ದರೆ ಬಯಲಲ್ಲಿ ನಿಲ್ಲಿಸಿದ್ದೇ ವಾಸಿಯಿತ್ತು ಎನಿಸುತ್ತದೆ.

ಎಂಟು ತಿಂಗಳು ನಿಲ್ಲುವ ಕಾರಿನ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ. ಗೇರಿನಲ್ಲಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿ. ನಾನು ಒಮ್ಮೆ ಎಳೆದಿಟ್ಟು ಮರೆತಿದ್ದೆ. ಹಿಂದಿನ ಬ್ರೇಕ್ ಶೂಗಳು ಡ್ರಮ್ಮಿಗೆ ತುಕ್ಕಿನಿಂದಲೇ ಬೆಸೆದುಕೊಂಡಿದ್ದವು, ಚಕ್ರ ಬಿಚ್ಚಿ ಮರದ ಸುತ್ತಿಗೆಯಿಂದ ಡ್ರಮ್ಮಿನ ಸುತ್ತ ಅರ್ಧ ಗಂಟೆ ತಟ್ಟಿದ ಮೇಲೆ ಟಕ್ಕೆಂದು ಸಡಿಲವಾದವು.